ಟವೆಲಿನ ಕೆಳಗಿನ ಆಟ

ಟಿವಿ ಪರದೆಯ ಮೇಲಿನ ಹುಡುಗಿ ಯಾರದಾದರೂ ಮನೆಯೊಳಗೆ ಕಾಲಿಟ್ಟರೆ ಇತ್ತ ನನ್ನ ಅಂಗಡಿಯಲ್ಲಿ ಕುಳಿತ ಕಾಕಾ ಬೆಂಚಿನ ಕೆಳಗೆ ತಮ್ಮ ಚಪ್ಪಲಿ ಬಿಡುತ್ತಿದ್ದರು. ಬೇಕೆಂದು ಮಾಡುತ್ತಿದ್ದುದಲ್ಲ. ಆಕೆ ಹೊಸ್ತಿಲು ದಾಟಿದಳೆಂದರೆ ಇವರ ಪಾದ ತಾವಾಗಿ ಚಪ್ಪಲಿಯಿಂದ ಹೊರಗೆ ಬರುತ್ತಿದ್ದವು. ಆಕೆ ಮತ್ತೆ ಬೀದಿಗಿಳಿದಾಗ ಕತ್ತಲಲ್ಲಿ ತಡಕಾಡಿದಂತೆ ತಡಕಾಡಿ ಒಳಗೆ ಸೇರುತ್ತಿದ್ದವು. ಮೊದಲ ಸಲ ಕಂಡಾಗ ನಾನು ನಕ್ಕುಬಿಟ್ಟೆ.

"ಕಾಕಾ, ಅದು ಟಿವಿ ಒಳಗಿನ ಮನಿ ಐತ್ರಿ."

"ಯಾರದಾರ ಮನಿ ಹೌದಲ್ರಿ, ಮಿಸ್ತ್ರಿ?" ಎಂದರು, ಕಣ್ಣು ಪರದೆಯಿಂದ ತೆಗೆಯದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸರಿ ಬರುತ್ತಿರಲಿಲ್ಲ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಅವರು ನನ್ನನ್ನು ಮಿಸ್ತ್ರಿ ಅನ್ನುತ್ತಿದ್ದರು. ಎರಡು ವರ್ಷ ಅಷ್ಟರಲ್ಲೇ ನಡೆಯಿತು.

ಕಾಗವಾಡದಲ್ಲಿ ಮಿರಜ್ ರಸ್ತೆಗೆ ನನ್ನ ಮೋಟಾರ್ ವೈಂಡಿಂಗ್ ಅಂಗಡಿ. ಹೊಳೆ ದಂಡೆಯ ಮೋಟಾರುಗಳು ಸುಟ್ಟುಕೊಂಡು ಬರುತ್ತವೆ; ಕರಿಯಾದ ತಂತಿ ಕಿತ್ತು ಹೊಸ ತಾಮ್ರ ಸುತ್ತಿ ಕಳಿಸುತ್ತೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಬಿಟ್ಟ ಮರುದಿನದಿಂದ ದುಡಿದಿದ್ದೇನೆ, ಯಾರ ಮುಂದೆಯೂ ಕೈ ಚಾಚಿಲ್ಲ. ಸುತ್ತು ಎಣಿಸಲು ಉಳಿದವರಿಗೆ ಮೀಟರ್ ಬೇಕು; ನನಗೆ ಬೇಡ, ಪಕ್ಕದಲ್ಲಿ ಮಾತಾಡುತ್ತಾ ಕುಳಿತರೂ ನನ್ನ ಹೆಬ್ಬೆರಳು ಲೆಕ್ಕ ತಪ್ಪುವುದಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಹೆಮ್ಮೆಯೇ ಮುಂದೆ ಅಡ್ಡ ಬಂದದ್ದು.

ಮನೆಯವರು ಐಗಳಿಯಲ್ಲಿ, ಹೊಲ ನೋಡಿಕೊಂಡು. ನಾನು ಅಂಗಡಿಯ ಹಿಂದಿನ ಖೋಲಿಯಲ್ಲಿ ಇರುತ್ತೇನೆ, ಅಮಾವಾಸ್ಯೆಗೊಮ್ಮೆ ಊರಿಗೆ ಹೋಗಿಬರುತ್ತೇನೆ. ವಾರ್ನಿಶ್ ಕುಡಿಸಿದ ಮೋಟಾರನ್ನು ಓವನ್ನಿಗೆ ಇಟ್ಟಮೇಲೆ ತಾಸುಗಟ್ಟಲೆ ಮುಟ್ಟುವಂತಿಲ್ಲ. ಆ ಹೊತ್ತು ನನ್ನ ಕೈಗೆ ಸಂಕಟ. ಅದಕ್ಕೇ ಮಿರಜಿನಲ್ಲಿ ಒಬ್ಬರು ಮಾರುತ್ತಿದ್ದ, ಟಿವಿಗೆ ಹಚ್ಚಿ ಆಡುವ ಹಳೆಯ ಗೇಮಿನ ಡಬ್ಬಿ ತಂದೆ. ಜಿಗಿಯುವುದು, ಹತ್ತುವುದು, ಸರಿಯಾದ ಕ್ಷಣಕ್ಕೆ ಬಟನ್ ಒತ್ತುವುದು. ನನ್ನ ಕೈ ಅದನ್ನು ಒಂದು ವಾರದಲ್ಲಿ ಕಲಿತವು. ನಡುನಡುವೆ ಇಂಗ್ಲಿಷಿನ ಸಾಲುಗಳು ಬರುತ್ತಿದ್ದವು. ಅವನ್ನು ದಾಟಿಸಲೂ ಒಂದು ಬಟನ್ ಇತ್ತು. ನಾನು ಅದನ್ನು ಒತ್ತಿಬಿಡುತ್ತಿದ್ದೆ. ಮೋಟಾರಿನ ಮೇಲಿನ ಎಚ್‌ಪಿ, ಆರ್‌ಪಿಎಂ ಗುರುತು ಹಿಡಿಯುತ್ತೇನೆ. ಇಡೀ ಸಾಲು ಓದಲು ಬರುವುದಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ "ಕಥಿ ಯಾವನಿಗೆ ಬೇಕು, ಆಟ ಅಂದ್ರ ಕೈ" ಅನ್ನುತ್ತಿದ್ದೆ.

ಕಾಕಾ ಬಂದದ್ದು ಒಂದು ಸೀಲಿಂಗ್ ಫ್ಯಾನ್ ಹಿಡಿದುಕೊಂಡು. ಕಾಯಿಲ್ ಸುಟ್ಟಿತ್ತು. ಅರವತ್ತು ದಾಟಿದ ಮನುಷ್ಯ, ಬಿಳಿ ಪೈಜಾಮ, ಬಿಳಿ ಟೋಪಿ, ಹೆಗಲ ಮೇಲೆ ಅಗಲವಾದೊಂದು ಟವೆಲು. ಫ್ಯಾನ್ ಕೊಟ್ಟು ಹೋಗದೆ ಬಾಗಿಲಲ್ಲೇ ನಿಂತರು. ಪರದೆಯ ಮೇಲೆ ಒಬ್ಬ ಟಪಾಲಿನ ಹುಡುಗಿ ಚೀಲ ಹಾಕಿಕೊಂಡು ಬೆಟ್ಟ ಹತ್ತುತ್ತಿದ್ದಳು. ಸಾಲು ಬಂತು, ನಾನು ದಾಟಿಸಿದೆ.

"ತಡೀರಿ ತಡೀರಿ. ಏನೋ ಹೇಳಾಕತ್ತಿದ್ಳಲ್ರಿ ಆಕಿ."

"ಏನಿಲ್ರಿ, ಸುಮ್ನ ಮಾತು."

"ಸುಮ್ನ ಮಾತು ಅಂದ್ರ ಭಾಳ ಚಲೋ ಮಾತು" ಎಂದು ಬೆಂಚಿನ ಮೇಲೆ ಕುಳಿತುಬಿಟ್ಟರು.

ಮರುದಿನ ಫ್ಯಾನ್ ತಯಾರಾಯಿತು. ಅವರು ಬಂದರು, ಫ್ಯಾನಿನ ಕಡೆ ನೋಡಲಿಲ್ಲ. "ಅದು ಇರ್ಲಿರಿ ಅಲ್ಲೇ. ಆ ಪತ್ರಾ ಆಕಿಗೆ ಯಾರ್ ಕೊಟ್ರು, ಅದನ್ನ ಹೇಳ್ರಿ ಮೊದ್ಲ." ಫ್ಯಾನು ಎರಡು ವರ್ಷ ನನ್ನ ಅಂಗಡಿಯ ಮೊಳೆಗೆ ತೂಗಿಕೊಂಡೇ ಇತ್ತು. ದಿನಾ ಸಂಜೆ ಸೂರ್ಯ ಮುಳುಗುವ ಮುಂಚೆ ಅವರ ಊಟ ಆಗಿರುತ್ತಿತ್ತು; ಜೈನರ ಮನೆಯ ಪದ್ಧತಿ. ಬಾಯಿ ಮುಕ್ಕಳಿಸಿದ ನೀರು ಆರುವ ಮುಂಚೆ ನನ್ನ ಬೆಂಚಿನ ಮೇಲೆ ಇರುತ್ತಿದ್ದರು. ಬರುವುದಕ್ಕೆ ಹೆಸರಿಗೊಂದು ನೆಪ ಬೇಕಲ್ಲ, ಆ ಫ್ಯಾನೇ ನೆಪ.

ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಲಗ್ನ ಯಾಕೆ ಆಗಲಿಲ್ಲ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಿಪ್ಪಾಣಿಯಲ್ಲಿ ಒಬ್ಬ ತಂಗಿ, ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವರು. ಕಾಕಾ ಕಾಲೇಜಿನಲ್ಲಿ ಇಂಗ್ಲಿಷ್ ಕಾದಂಬರಿ ಓದುತ್ತಿದ್ದವರು, ತಂದೆ ತೀರಿಕೊಂಡದ್ದರಿಂದ ಅರಿಷಿಣದ ಪೇಟೆಗೆ ಬಂದು ದಲಾಲರಾದರು. ಆ ಕಾಲದಲ್ಲಿ ದರ ಬಾಯಿಂದ ಹೇಳುತ್ತಿರಲಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ, ಮೇಲೊಂದು ಟವೆಲು. ಒಳಗೆ ಬೆರಳು ಹಿಡಿದು ಒತ್ತಿದರೆ ಅದೇ ಮಾತು. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯುವುದಿಲ್ಲ. ಆಮೇಲೆ ಪೇಟೆಯಲ್ಲಿ ಕೂಗಿ ಸವಾಲು ಮಾಡುವುದು ಬಂತು, ಆಮೇಲೆ ಕಂಪ್ಯೂಟರ್ ಬಂತು. ಅವರ ಬೆರಳುಗಳಿಗೆ ಕೆಲಸ ಹೋಯಿತು. ಟವೆಲು ಮಾತ್ರ ಹೆಗಲ ಮೇಲೆ ಉಳಿಯಿತು.

ಅವರಿಗೆ ಆಟ ಆಡಲು ಬರುತ್ತಿರಲಿಲ್ಲ. ಒಮ್ಮೆ ಆಟದ ರಿಮೋಟ್ ಕೈಗೆ ಕೊಟ್ಟೆ. ಹುಡುಗಿಯನ್ನು ನೆಟ್ಟಗೆ ಬಾವಿಗೆ ನಡೆಸಿದರು. ಮತ್ತೊಮ್ಮೆ ಕೊಟ್ಟೆ, ಮತ್ತೆ ಅದೇ ಬಾವಿ. "ತಪ್ಪಾತವ್ವಾ" ಎಂದು ಪರದೆಗೆ ಹೇಳಿ ರಿಮೋಟ್ ನನ್ನ ತೊಡೆಯ ಮೇಲಿಟ್ಟರು. "ನಿಮ್ಮ ಕೈ, ನನ್ನ ಬಾಯಿ. ಹಂಗ ಮಾಡೂಣು." ಸಾಲು ಬಂದಾಗೆಲ್ಲ ಜೋರಾಗಿ ಓದಿ, ಕೂಡಲೇ ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಹಾಗೇಕೆ ಎಂದು ನಾನು ಕೇಳುವ ಮೊದಲೇ ಕಾರಣವನ್ನೂ ಕೊಟ್ಟರು: "ನನಗೊಂದು ಕೆಟ್ಟ ಚಟ ಐತ್ರಿ. ಒದರಿ ಓದದಿದ್ರ ತಲಿಗೆ ಹತ್ತಂಗಿಲ್ಲ. ಕನ್ನಡದಾಗ ಅಂದ್ಕೊಳ್ದಿದ್ರ ಮನಸ್ಸಿಗೆ ಹತ್ತಂಗಿಲ್ಲ. ನೀವು ಸಿಟ್ಟಾಗಬ್ಯಾಡ್ರಿ."

ನಾನು "ಆತು ಬಿಡ್ರಿ" ಎಂದೆ, ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ.

ಟಪಾಲಿನ ಹುಡುಗಿಯ ಕಥೆ ಇಷ್ಟು. ಬೆಟ್ಟದ ತುದಿಯಲ್ಲೊಂದು ಮನೆ. ಅಲ್ಲಿಗೆ ಒಂದು ಪತ್ರ ಮುಟ್ಟಿಸಬೇಕು. ಪತ್ರದ ಮೇಲೆ ಕಳಿಸಿದವರ ಹೆಸರಿಲ್ಲ, ಆಕೆಯೂ ಒಡೆದು ಓದುವಂತಿಲ್ಲ. ದಾರಿಯಲ್ಲಿ ಊರುಗಳು, ಮುರಿದ ಸೇತುವೆ, ಗಾಳಿ, ಹಿಮ, ಪ್ರತಿ ಊರಿನಲ್ಲೂ ಮಾತಾಡುವ ಜನ. ಒಬ್ಬೊಬ್ಬರು ಏನಾದರೂ ಕೇಳುತ್ತಾರೆ. ಕೆಳಗೆ ಎರಡೋ ಮೂರೋ ಉತ್ತರ ಬರುತ್ತವೆ, ಒಂದನ್ನು ನಾವು ಆರಿಸಬೇಕು.

ಒಂದು ಸಂಜೆ ದ್ರಾಕ್ಷಿ ತೋಟದ ರೈತನೊಬ್ಬ ಮೋಟಾರು ಒಯ್ಯಲು ಬಂದ.

"ಏನ್ ಮಿಸ್ತ್ರಿ, ಮೀಸಿ ಬೆಳ್ಳಗಾದ ಮ್ಯಾಲ ಹುಡುಗರ ಆಟ ಹಿಡದೀರಿ?"

"ಮೋಟಾರ್ ಇನ್ನೂ ಬಿಸಿ ಐತಿ. ಆರೂತನಕ ಕುಂಡ್ರಿ."

ಅವನು ಕೂಡಲಿಲ್ಲ, ಪರದೆಯ ಹತ್ತಿರ ಬಂದ. ಅಲ್ಲಿ ಮೂರು ಉತ್ತರ ಕಾಯುತ್ತಿದ್ದವು. "ಇದೇನ್ ಕೇಳಾಕತ್ತೈತ್ರಿ? ಓದ್ರಿ ಒಂದೀಟು, ನಾವೂ ಕೇಳ್ತೀವಿ."

ನನ್ನ ಕಿವಿ ಬಿಸಿಯಾದವು. ಮೂವತ್ತು ವರ್ಷದಿಂದ ಈ ಪೇಟೆಯಲ್ಲಿ ತಲೆ ಎತ್ತಿ ನಡೆದವನು ನಾನು. ಆಗ ನನ್ನ ಎಡಗೈಯ ಮೇಲೆ ಏನೋ ಬಂದು ಬಿತ್ತು. ಕಾಕಾನ ಟವೆಲು.

"ಓದಂಗಿಲ್ಲೋ ತಮ್ಮಾ" ಎಂದರು ಕಾಕಾ ರೈತನಿಗೆ. "ಇದು ಗುಟ್ಟಿನ ಸೌದಾ. ಜೋರಲೆ ಓದಿದ್ರ ದರಾ ಕೆಡತೈತಿ." ಟವೆಲಿನ ಕೆಳಗೆ ನನ್ನ ಎರಡು ಬೆರಳು ಹಿಡಿದು ಒತ್ತಿದರು. ನಾನು ಎರಡನೆಯ ಉತ್ತರ ಆರಿಸಿದೆ. ಪರದೆಯ ಮೇಲೆ ಒಬ್ಬ ಮುದುಕಿ ನಕ್ಕು ಹುಡುಗಿಗೆ ರೊಟ್ಟಿ ಕೊಟ್ಟಳು. ರೈತ "ಲೇ ಭಪ್ಪರೇ!" ಎಂದ.

ಅವತ್ತಿನಿಂದ ಅಂಗಡಿಯಲ್ಲಿ ಮೂರನೆಯವರು ಇದ್ದರೆ ಟವೆಲು ಬರುತ್ತಿತ್ತು. ಇದೊಂದು ಹುಡುಗಾಟ, ಕೆಲಸ ಹೋದ ಬೆರಳುಗಳಿಗೆ ಕಾಕಾ ಕೊಟ್ಟುಕೊಂಡ ಕೆಲಸ ಎಂದು ನಾನು ತಿಳಿದಿದ್ದೆ. ಒಮ್ಮೆ ರೈತರು ಬಹಳ ಕಾಡಿದಾಗ, "ಟವೆಲಿನ ಕೆಳಗ ಆದದ್ದು ಟವೆಲಿನ ಕೆಳಗ. ಅದನ್ನ ಹೊರಗ ಹೇಳಿದ ದಲಾಲನ ಕೈ ಮತ್ತ ಯಾರೂ ಹಿಡಿಯಂಗಿಲ್ಲ" ಎಂದರು.

ವಾದ ಮಾತ್ರ ದಿನಾ ಇತ್ತು. ನನ್ನ ಪಕ್ಷ ಆಟದ್ದು, ಅವರದು ಕಥೆಯದು.

"ಕಥಿ ಕಟ್ಟಿ ಮ್ಯಾಲ ಕುಂತೂ ಕೇಳ್ಬಹುದು ಕಾಕಾ. ಆಟಕ್ಕ ಕೈ ಬೇಕು."

"ಮೋಟಾರ್ ತಿರಗತೈತಿ ಖರೆ, ಮಿಸ್ತ್ರಿ. ನೀರು ಯಾರ ಹೊಲಕ್ಕ ಹೋಗಾಕತ್ತೈತಿ ಅನ್ನೂದು ಬ್ಯಾಡೇನು?"

"ಮೋಟಾರ್ ತಿರಗದಿದ್ರ ಯಾರ ಹೊಲಕ್ಕೂ ಹೋಗಂಗಿಲ್ರಿ."

ಅವರು ತೊಡೆ ತಟ್ಟಿ ನಗುತ್ತಿದ್ದರು. ಸೋತದ್ದಕ್ಕೂ ನಗುತ್ತಿದ್ದರು, ಗೆದ್ದದ್ದಕ್ಕೂ ನಗುತ್ತಿದ್ದರು. ಹಾಗೆಂದು ಬರೀ ಕಥೆ ಇದ್ದರೂ ಅವರಿಗೆ ನಡೆಯುತ್ತಿರಲಿಲ್ಲ. ನಡುವೆ ಬೇರೊಂದು ಆಟ ಹಾಕಿದ್ದೆ. ಅದರಲ್ಲಿ ಬರೀ ಮಾತು, ನನಗೆ ಒತ್ತಲು ಏನೂ ಇಲ್ಲ. ಅರ್ಧ ತಾಸಿಗೆ ಆಕಳಿಸಿದರು. "ತೆಗೀರಿ ಇದನ್ನ. ನಿಮ್ಮನ್ನ ಕೈ ಕಟ್ಟಿ ಕುಂಡ್ರಿಸಿ ಪುರಾಣ ಹೇಳಿದಂಗ ಆತು." ಅವರಿಗೆ ಕಥೆ ಬೇಕಿತ್ತು, ಆದರೆ ನನ್ನ ಕೈ ಅದನ್ನು ಎಳೆದುಕೊಂಡು ಬರಬೇಕಿತ್ತು.

ಹೊಡೆಯುವುದಕ್ಕೆ ಮಾತ್ರ ಬಿಡುತ್ತಿರಲಿಲ್ಲ. ದಾರಿಗೆ ತೋಳ ಅಡ್ಡ ಬಂದರೆ ಕೋಲು ಎತ್ತಲು ಒಂದು ಬಟನ್ ಇತ್ತು. "ಬ್ಯಾಡ್ರಿ. ಅದೂ ಹೊಟ್ಟಿ ಸಲುವಾಗಿ ಬಂದೈತಿ. ಸುತ್ತ ಹಾಕಿ ಹೋಗೂಣು." ಎರಡು ಸಂಜೆ ಸುತ್ತು ಹಾಕಿದೆವು. ನಾನು ಬೈದುಕೊಂಡೇ ಆಡಿದೆ. ಆ ಸುತ್ತಿನಲ್ಲೇ ಒಂದು ಗವಿಯ ದಾರಿ ಸಿಕ್ಕಿತು. ಅದರಿಂದ ಮುಂದಿನ ಊರು ಅರ್ಧ ಹಾದಿಯಲ್ಲೇ ಬಂತು. ಕಾಕಾ ನನ್ನ ಕಡೆ ತಿರುಗಿ ನೋಡಲಿಲ್ಲ. ಟೋಪಿ ಮಾತ್ರ ಸ್ವಲ್ಪ ಓರೆ ಮಾಡಿಕೊಂಡರು.

ಆಮೇಲೆ ಹೊಳೆ ಬಂತು.

ದಂಡೆಯಲ್ಲಿ ಒಬ್ಬ ದೋಣಿಯವನ ಮನೆ. ಹುಡುಗಿಯನ್ನು ಒಳಗೆ ಕರೆದು ಕೂಡಿಸಿದ. ಕಾಕಾನ ಚಪ್ಪಲಿ ಆಗಲೇ ಬೆಂಚಿನ ಕೆಳಗೆ. ದೋಣಿಯವ ಒಂದು ಪ್ರಶ್ನೆ ಕೇಳಿದ. ಕಾಕಾ ಅದನ್ನು ಇಂಗ್ಲಿಷಿನಲ್ಲಿ ಓದಿದರು, ಕನ್ನಡದಲ್ಲಿ ಹೇಳಲಿಲ್ಲ.

"ಏನಂತ್ರಿ?"

"'ನಿನ್ನ ದಾಟಸ್ತೀನಿ. ಮತ್ತ ಈ ಹಾದಿಲೇ ಬರ್ತೀಯೇನು?' ಅಂತ ಕೇಳಾಕತ್ತಾನ." ಆಮೇಲೆ ತಮ್ಮದೇ ಕಥೆ ಹೇಳಿದರು. ಸಣ್ಣವರಿದ್ದಾಗ ಶಾಲೆಯ ರಜೆಗೆ ತಾಯಿಯ ತವರಿಗೆ ಹೋಗಲು ಕೃಷ್ಣಾ ಹೊಳೆ ದಾಟಬೇಕಿತ್ತು. ದೋಣಿಯವ ಇಳಿಸುವಾಗೆಲ್ಲ "ಮತ್ತ ಯಾವಾಗ ಬರ್ತೀ ಧಣಿ?" ಎಂದು ಕೇಳುತ್ತಿದ್ದ. ಇವರು "ಬರೂ ಸೂಟಿಗೆ" ಅನ್ನುತ್ತಿದ್ದರು. ಒಂದು ವರ್ಷ ಸೇತುವೆ ಆಯಿತು, ಬಸ್ಸು ಬಂತು. ಅದರ ಹಿಂದಿನ ಸಲವೂ "ಬರೂ ಸೂಟಿಗೆ" ಅಂದಿದ್ದರು. ಆಮೇಲೆ ದೋಣಿಯ ಹಾದಿಗೆ ಹೋಗಲಿಲ್ಲ.

ಪರದೆಯ ಮೇಲೆ ಮೂರು ಉತ್ತರ ಇದ್ದವು. ಒಂದು, ಬರುತ್ತೇನೆ. ಎರಡು, ಬರುವುದಿಲ್ಲ. ಮೂರು, ಗೊತ್ತಿಲ್ಲ. ನಾನು ಹೆಬ್ಬೆರಳು ಇಟ್ಟುಕೊಂಡು ಕಾದೆ. ಕಾಕಾ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ಎದ್ದರು.

"ನಾಳಿಂದ ಚಾತುರ್ಮಾಸ, ಮಿಸ್ತ್ರಿ. ನಾಕ್ ತಿಂಗಳು ಏನಾರ ಬಿಡಬೇಕು. ಈ ಸಲ ಇದನ್ನ ಬಿಡ್ತೀನಿ."

"ಆಟಾ ಬಿಡ್ತೀರಿ? ಬದನಿಕಾಯಿ ಬಿಡ್ರಿ, ಎಲ್ಲಾರೂ ಅದನ್ನ ಬಿಡ್ತಾರ."

"ಬದನಿಕಾಯಿ ಬಿಟ್ರ ನನಗೇನ್ ತ್ರಾಸ್ರಿ? ಬಿಟ್ರ ಜೀವ ಎಳೀಬೇಕು, ಅದು ಬಿಟ್ಟಂಗ. ಇಲ್ಲೇ ನಿಲ್ಲಸ್ರಿ. ಅವಗೇನ್ ಹೇಳೂದು ಅಂತ ನಾಕ್ ತಿಂಗಳು ವಿಚಾರ ಮಾಡ್ತೀನಿ."

ಅಂಗಡಿಯ ಕಡೆ ಬಂದರೆ ಕಣ್ಣು ಒಳಗೆ ಹೋಗುತ್ತದೆಂದು ಅವರು ಬರುವುದನ್ನೇ ಬಿಟ್ಟರು. ಬಸದಿಗೆ ಹೋಗುವಾಗ ರಸ್ತೆಯ ಆ ಬದಿಯಿಂದ ಕೈ ಎತ್ತುತ್ತಿದ್ದರು, ಅಷ್ಟೇ.

ಮಳೆಗಾಲದಲ್ಲಿ ನನಗೆ ಕೆಲಸ ಇರುವುದಿಲ್ಲ. ಹೊಳೆ ತುಂಬಿದರೆ ರೈತರು ಮೋಟಾರು ಮೇಲಕ್ಕೆ ತೆಗೆದಿಡುತ್ತಾರೆ. ಓಡದ ಮೋಟಾರು ಸುಡುವುದಿಲ್ಲ. ಬೆಂಚು ಖಾಲಿ, ಓವನ್ ತಣ್ಣಗೆ, ತಗಡಿನ ಮೇಲೆ ಮಳೆಯ ಸದ್ದು. ಎರಡು ತಿಂಗಳು ತಡೆದೆ. ದಿನಾ ಅದನ್ನು ಚಾಲೂ ಮಾಡುತ್ತಿದ್ದೆ, ದೋಣಿಯವ ಹಾಗೆಯೇ ಮುಖ ನೋಡುತ್ತಾ ಕುಳಿತಿರುತ್ತಿದ್ದ, ಬಂದ್ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಯಾವ ಉತ್ತರವಾದರೇನು, ಆಟ ಮುಂದೆ ಹೋಗಬೇಕು ಎಂದು ಕೈಗೆ ಬಂದದ್ದು ಒತ್ತಿದೆ. ಎರಡನೆಯದು ಬಿತ್ತು.

ದೋಣಿಯವ ತಲೆ ಆಡಿಸಿದ. ಎದ್ದು ಹುಡುಗಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ.

ಕೊಟ್ಟ ಉತ್ತರ ಬದಲಿಸುವ ಹಾದಿ ಆ ಆಟದಲ್ಲಿ ಇರಲಿಲ್ಲ. ಆಗ ನನ್ನ ಹಟ ಎದ್ದಿತು. ಹೊಳೆಯ ನಡುವೆ ಬಂಡೆಗಳಿದ್ದವು, ಜಾರುವ ಬಂಡೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೂದಲಿನಷ್ಟು ಹೊತ್ತು. ಎಷ್ಟು ಸಲ ಆಕೆಯನ್ನು ಮುಳುಗಿಸಿದೆನೋ. ಒಂದು ವಾರ ಹಿಡಿಯಿತು. ದಾಟಿದೆ. ದೋಣಿ ಇಲ್ಲದೆ ದಾಟಿದೆ! ಅಲ್ಲಿಂದ ಮುಂದೆ ಸಾಲು ಬಂದರೆ ದಾಟಿಸು, ಜನ ಬಂದರೆ ದಾಟಿಸು. ಬೆಟ್ಟದ ತುದಿಯ ಮನೆಯ ಬಾಗಿಲು ತೆರೆಯಿತು, ಪತ್ರ ಬಿಚ್ಚಿಕೊಂಡು ಪರದೆ ತುಂಬ ನಿಂತಿತು. ಬಟನ್ ಒತ್ತಿದೆ. ಆಟ ಮಾಡಿದವರ ಹೆಸರುಗಳು ಮೇಲಕ್ಕೆ ಹರಿದವು. ಮುಗಿಯಿತು. ಗೆದ್ದಿದ್ದೆ. ಹೇಳಲು ಹೊರಳಿ ನೋಡಿದರೆ ಬೆಂಚಿನ ಮೇಲೆ ಯಾರೂ ಇರಲಿಲ್ಲ.

ದೀಪಾವಳಿಗೆ ಚಾತುರ್ಮಾಸದ ವ್ರತ ಮುಗಿಯಿತು, ಅವತ್ತು ಸಂಜೆ ಕಾಕಾ ಬಂದರು. ಹೊಸ ಟೋಪಿ, ಕೈಯಲ್ಲಿ ಬಸದಿಯ ಲಾಡು. ಕುಳಿತವರೇ ಟವೆಲು ತೊಡೆಯ ಮೇಲೆ ಹಾಸಿದರು.

"ಹೂಂ, ಚಾಲೂ ಮಾಡ್ರಿ. ನಾಕ್ ತಿಂಗಳು ವಿಚಾರ ಮಾಡೇನಿ. ಒಂದನೇ ಉತ್ತರ. 'ಬರ್ತೀನಿ' ಅಂತ ಹೇಳ್ರಿ ಅವಗ. ಸುಳ್ಳಾದ್ರೂ ಅಡ್ಡಿಯಿಲ್ಲ."

"ಅದೆಲ್ಲಾ ಮುಗೀತ್ರಿ ಕಾಕಾ. ಆಟಾ ಗೆದ್ದೇನಿ! ದೋಣಿ ಇಲ್ದ ಹೊಳಿ ದಾಟೇನಿ, ಗೊತ್ತೇನ್ರಿ?"

"ದೋಣಿಯವ ಇರಲಿಲ್ಲೇನ್ರಿ?"

"ಇದ್ದ. ಬಾಗಲಾ ಹಾಕ್ಕೊಂಡ."

"ಏನ್ ಹೇಳಿದ್ರಿ ಅವಗ?"

ನಾನು ರಿಮೋಟ್ ಒರೆಸತೊಡಗಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಹೆಬ್ಬೆರಳು ನೋಡಿದರು.

"ಇರ್ಲಿ. ಪತ್ರಾ ಮುಟ್ಟಿತೇನ್ರಿ?"

"ಮುಟ್ಟಿತು."

"ಏನಿತ್ತು ಅದರಾಗ?"

ಒಂದು ಮಾತು ಸಾಕಿತ್ತು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಕಾಕಾ, ಎಂದು ಹೇಳಿದ್ದರೆ ಆಗುತ್ತಿತ್ತು. ಎದುರಿಗೆ ಕುಳಿತವರು ಅವರೊಬ್ಬರೇ, ಮೂರನೆಯವರು ಇರಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ.

"ಯಾವನಿಗೆ ಬೇಕ್ರಿ ಅದು? ಆಟ ಅಂದ್ರ ಕೈ. ಕಥಿ ಬೇಕಾದವ್ರು ಬಸದ್ಯಾಗ ಕುಂತು ಕೇಳ್ಲಿ."

ಅವರು ಲಾಡಿನ ಪೊಟ್ಟಣ ಬೆಂಚಿನ ಮೇಲೆ ಸರಿಸಿದರು. "ಊರೆಲ್ಲಾ ತಿರಗಿ ಬಂದ್ರಿ, ಮಿಸ್ತ್ರಿ. ಯಾರ ಮನ್ಯಾಗೂ ಕುಂಡ್ರಲಿಲ್ಲ." ಹೇಳಿದ್ದು ಬೈಗುಳದ ದನಿಯಲ್ಲಿ ಅಲ್ಲ. ಆಮೇಲೆ ಕೇಳಿದರು, "ಮೊದಲಿಂದ ಶುರು ಮಾಡೂಣೇನ್ರಿ?"

"ಗೆದ್ದ ಆಟಾ ಮತ್ತ ಯಾಕ್ರಿ?"

"ಹಂಗಾರ ಆ ಫ್ಯಾನ್ ಕೊಡ್ರಿ."

ಮೊಳೆಯಿಂದ ಇಳಿಸಿ, ಧೂಳು ಒರೆಸಿ ಕೊಟ್ಟೆ. ಅದನ್ನು ಕಂಕುಳಲ್ಲಿ ಹಿಡಿದುಕೊಂಡು ರಸ್ತೆ ದಾಟಿದರು. ಅವರ ಖೋಲಿ ನನ್ನ ಅಂಗಡಿಯಿಂದ ಹತ್ತು ನಿಮಿಷದ ಹಾದಿ. ನಾನು ಹೋಗಲಿಲ್ಲ. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಸೂರ್ಯ ಇಳಿಯುವ ಹೊತ್ತಿಗೆ ಬೆಂಚು ಒರೆಸುತ್ತಿದ್ದೆ. ಕೆಲಸದ ದಿನಗಳು ಬಂದವು, ಮೋಟಾರುಗಳು ಸಾಲುಗಟ್ಟಿದವು. ಒಂದು ದಿನ ಆ ದ್ರಾಕ್ಷಿಯ ರೈತನೇ ಹೇಳಿದ: "ನಿಮ್ಮ ಕಾಕಾ ಹೋದ್ರಂತ್ರಿ ಮಿಸ್ತ್ರಿ. ಎದಿ ನೋವಂತ ನಿಪ್ಪಾಣಿಗೆ ತಂಗಿ ಮನಿಗೆ ಹೋಗಿದ್ರು. ಅಲ್ಲೇ ಹೋದ್ರು. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ. ಸುದ್ದಿ ಹದಿನೈದು ದಿನ ಹಳೆಯದು.

ಅವರ ತಂಗಿಯನ್ನು ಮಾತಾಡಿಸಿ ಬರಲು ಹೋದೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ನಿಪ್ಪಾಣಿ. ಸಣ್ಣ ಮನೆ, ಪಡಸಾಲೆಯಲ್ಲಿ ಒಂದು ಕುರ್ಚಿ, ಮೇಲೆ ಸೂರಿಗೆ ಕಾಕಾ ಒಯ್ದಿದ್ದ ಆ ಫ್ಯಾನು. ಚಳಿಗಾಲ, ಅದು ತಿರುಗುತ್ತಿರಲಿಲ್ಲ. ತಂಗಿಯವರು ಬಿಳಿ ಸೀರೆಯಲ್ಲಿ ಬಾಗಿಲಿಗೆ ಬಂದರು.

"ನೀವ ಮಿಸ್ತ್ರಿ ಏನ್ರಿ? ಬರ್ರಿ. ಅಣ್ಣಾ ನಿಮ್ಮ ಕೈ ಬಗ್ಗೆ ಭಾಳ ಹೇಳ್ತಿದ್ದ. ದಿನಾ ಸಂಜಿಕ ಫೋನ್ ಮಾಡಿ ಆ ಹುಡುಗಿ ಎಲ್ಲಿ ತನಕಾ ಬಂದ್ಳು ಅಂತ ಹೇಳ್ತಿದ್ದ. ಕೇಳಿ ಕೇಳಿ ನನಗೂ ಹುಚ್ಚು ಹಿಡದಿತ್ತು." ನೀರು ಕೊಟ್ಟರು. ನಾನು ಕುಡಿಯುವುದನ್ನು ಕಾದು ಕೇಳಿದರು, "ಆ ಪತ್ರದಾಗ ಏನಿತ್ರಿ? ಹೋಗೂ ಮುಂದ ಅಣ್ಣಾಗ ಕೇಳಿದೆ. 'ಮಿಸ್ತ್ರಿಗೆ ಗೊತ್ತೈತಿ' ಅಂದ."

ಏನಾದರೂ ಕಟ್ಟಿ ಹೇಳಬಹುದಿತ್ತು. ಯಾರಿಗೆ ತಿಳಿಯುತ್ತಿತ್ತು? ಲೋಟ ಕೆಳಗಿಟ್ಟೆ.

"ನನಗ ಇಂಗ್ಲಿಷ್ ಓದಾಕ ಬರಂಗಿಲ್ರಿ ಅಕ್ಕಾರ. ಕಾಕಾ ಓದಿ ಹೇಳ್ತಿದ್ರು, ನಾ ಆಡ್ತಿದ್ದೆ. ಪತ್ರಾ ಬಂದಾಗ ಅವ್ರು ಇರಲಿಲ್ಲ. ನಾ ಓದದ ದಾಟಿಸಿಬಿಟ್ಟೆ."

ಅವರು ಲೋಟ ಎತ್ತಿಕೊಂಡರು. "ಇದನ್ನ ಅಣ್ಣಾ ನನಗ ಒಂದ್ ದಿನಾನೂ ಹೇಳಲಿಲ್ಲ ನೋಡ್ರಿ."

ನನ್ನ ಎಡಗೈ ತೊಡೆಯ ಮೇಲೆ ಇತ್ತು. ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ನನಗೆ ಓದಲು ಬಾರದ್ದನ್ನು ಕಾಕಾ ಒಡಹುಟ್ಟಿದವರಿಗೂ ಹೇಳಿರಲಿಲ್ಲ. ಎರಡು ವರ್ಷದ ಟವೆಲು ಯಾತಕ್ಕಾಗಿ ಎಂದು ನನಗೆ ಆ ಕುರ್ಚಿಯ ಮೇಲೆ ತಿಳಿಯಿತು.

ಹೊರಡುವಾಗ ಅವರು ಬಾಗಿಲ ತನಕ ಬಂದರು. "ಮತ್ತ ಆಡಿದ್ರ ಬರತೈತೇನ್ರಿ, ಆ ಪತ್ರಾ?"

"ಬರತೈತ್ರಿ."

"ಹಂಗಾರ ಬರಕೊಂಡ ಬರ್ರಿ. ನಾ ಓದ್ತೀನಿ."

ಮೊದಲಿಂದ ಶುರು ಮಾಡಿದೆ. ಅದೇ ಊರು, ಅದೇ ಮುದುಕಿ, ಅದೇ ರೊಟ್ಟಿ. ಯಾವ ಪ್ರಶ್ನೆಗೆ ಎಷ್ಟನೆಯ ಉತ್ತರ ಎಂದು ನನ್ನ ಬೆರಳುಗಳಿಗೆ ನೆನಪಿತ್ತು. ತಲೆ ಮರೆತದ್ದನ್ನು ಎಡಗೈ ಮರೆತಿರಲಿಲ್ಲ. ತೋಳಕ್ಕೆ ಸುತ್ತು ಹಾಕಿಯೇ ಹೋದೆ. ಸಾಲುಗಳನ್ನು ದಾಟಿಸಲಿಲ್ಲ. ಓದಲು ಬಾರದಿದ್ದರೂ, ಕಾಕಾ ಓದಿ ಮುಗಿಸುವಷ್ಟು ಹೊತ್ತು ಕಾದು ಆಮೇಲೆ ಒತ್ತಿದೆ. ದೋಣಿಯವನ ಮನೆಯಲ್ಲಿ ಒಂದನೆಯ ಉತ್ತರ ಕೊಟ್ಟೆ. ಅವನು ಎದ್ದು ದೋಣಿ ಬಿಚ್ಚಿದ. ನಾನು ವಾರವಿಡೀ ಹೆಣಗಿದ ಬಂಡೆಗಳ ಪಕ್ಕದಲ್ಲೇ ದೋಣಿ ಹಾದುಹೋಯಿತು. ಅಷ್ಟು ದೂರ ನನ್ನ ಕೈಗೆ ಕೆಲಸವೇ ಇರಲಿಲ್ಲ.

ಪತ್ರ ಬಿಚ್ಚಿಕೊಂಡಾಗ ವೈಂಡಿಂಗಿನ ಚಿತ್ರ ಬರೆಯುವ ವಹಿ ತೆಗೆದೆ. ಫೋನಿನಲ್ಲಿ ಫೋಟೋ ಹೊಡೆಯಬಹುದಿತ್ತು. ಅವರು ಬರಕೊಂಡ ಬರ್ರಿ ಅಂದಿದ್ದರು. ಕಾಯಿಲಿನ ಚಿತ್ರ ತೆಗೆದ ಹಾಗೆ ಒಂದೊಂದು ಅಕ್ಷರದ ಆಕಾರ ನೋಡಿ ಬರೆದೆ. ಎರಡು ಸಲ ಹರಿದು ಮತ್ತೆ ಬರೆದೆ. ಅಷ್ಟರಲ್ಲಿ ಬೇಸಿಗೆ ಬಂದಿತ್ತು. ಆ ಅಮಾವಾಸ್ಯೆಗೆ ಐಗಳಿಗೆ ಹೋಗಲಿಲ್ಲ. ಹಾಳೆಯನ್ನು ಮಡಚಿ ಎದೆಯ ಜೇಬಿಗೆ ಇಟ್ಟುಕೊಂಡು ನಿಪ್ಪಾಣಿಗೆ ಹೊರಟೆ. ಬಸ್ಸಿನಲ್ಲಿ ಪಕ್ಕದವನು, "ಏನ್ರಿ, ಜೇಬು ಹಿಡಕೊಂಡ ಕುಂತೀರಿ? ರೊಕ್ಕ ಭಾಳ ಐತೇನು?" ಎಂದ. "ಟಪಾಲ್ ಐತ್ರಿ" ಎಂದೆ.

ಬಿಸಿಲು ಏರಿತ್ತು. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು, ಸದ್ದಿಲ್ಲದೆ, ನನ್ನ ವೈಂಡಿಂಗ್. ಅಕ್ಕಾರು ಕನ್ನಡಕ ಹಾಕಿಕೊಂಡು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ನಾನು ಕೈ ಎರಡೂ ಮೊಣಕಾಲಿನ ಮೇಲೆ ಇಟ್ಟುಕೊಂಡು ಕಾದೆ. ಆಮೇಲೆ ಜೋರಾಗಿ, ನಮ್ಮ ಮಾತಿನಲ್ಲಿ ಹೇಳಿದರು. ಅಣ್ಣನದೇ ರೀತಿ.

"'ನಾ ಆರಾಮ ಅದೀನಿ. ಹೊಳಿ ಕಡೆ ಈಗ ಯಾರೂ ಬರಂಗಿಲ್ಲ. ನೀ ಸಂಜಿಕ ದೀಪಾ ಹಚ್ಚಿದ್ರ ಈ ದಂಡಿಗೆ ಕಾಣಸ್ತೈತಿ. ಅದಕ ಹಚ್ಚು. ಮತ್ತೇನಿಲ್ಲ.'"

ಹಾಳೆ ತಿರುಗಿಸಿ ನೋಡಿದರು. "ಇಷ್ಟೇನ್ರಿ?"

"ಇಷ್ಟ ಇತ್ರಿ."

"ಪತ್ರಾ ದೋಣಿಯವಂದ ಹಂಗಾರ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. "ಆಕಿ ಮತ್ತ ಹೊಳಿಗೆ ಹೋದ್ಳೇನ್ರಿ? ಬರ್ತೀನಿ ಅಂತ ಹೇಳಿದ್ಳಲ್ಲ."

"ಆಟಾ ಅಲ್ಲಿಗೆ ಮುಗೀತೈತ್ರಿ, ಅಕ್ಕಾರ."

"ಹೌದೇನು" ಎಂದರು. ಹಾಳೆಯನ್ನು ನನ್ನ ಮಡಿಕೆಯ ಮೇಲೆಯೇ ಮಡಚಿ ತಮ್ಮ ಹತ್ತಿರ ಇಟ್ಟುಕೊಂಡರು.

ಮರುದಿನ ಸಂಜೆ ಓವನ್ನಿಗೆ ಮೋಟಾರು ಇಟ್ಟು, ಪತ್ರದ ಹತ್ತಿರ ನಿಲ್ಲಿಸಿದ್ದ ಆಟ ಹಚ್ಚಿದೆ. ಹೆಸರುಗಳು ಮೇಲಕ್ಕೆ ಹರಿದು ಹೋಗುವ ತನಕ ಕಾದೆ. ಮೊದಲ ಸಲ ಗೆದ್ದಾಗ ಆ ಹೊತ್ತಿಗೆ ಬಂದ್ ಮಾಡಿದ್ದೆ. ಕೊನೆಯ ಹೆಸರು ಹೋದಮೇಲೆ ಹುಡುಗಿ ಮತ್ತೆ ಕಾಣಿಸಿದಳು, ಬೆಟ್ಟದ ಮೇಲೆ, ಖಾಲಿ ಚೀಲದೊಂದಿಗೆ. ಬಟನ್ ಒತ್ತಿದರೆ ನಡೆಯುತ್ತಿದ್ದಳು. ಗಾಳಿ ಇರಲಿಲ್ಲ, ತೋಳ ಇರಲಿಲ್ಲ, ಜಿಗಿಯಲು ಒಂದು ಕಲ್ಲೂ ಅಡ್ಡ ಬರಲಿಲ್ಲ. ಊರುಗಳಲ್ಲಿ ಯಾರೂ ಏನೂ ಕೇಳಲಿಲ್ಲ. ಬೆಟ್ಟ ಇಳಿಸಿ ಹೊಳೆಯ ತನಕ ನಡೆಸಿಕೊಂಡು ಬರಲು ಮುಕ್ಕಾಲು ತಾಸು ಹಿಡಿಯಿತು.

ದೋಣಿ ಬೆಟ್ಟದ ಬದಿಯ ದಂಡೆಗೇ ಕಟ್ಟಿತ್ತು. ದೋಣಿಯವ ಅದರಲ್ಲಿ ಕುಳಿತಿದ್ದ, ಮುಖ ಬೆಟ್ಟದ ಕಡೆಗೆ. ಹುಡುಗಿ ಏರಿದಳು. ದಾಟಿಸಿದ. ಇಬ್ಬರೂ ಮನೆಯೊಳಗೆ ಹೋಗಿ ಕುಳಿತರು. ಪರದೆಯ ಮೇಲೆ ಈಗ ಒಂದು ಸಾಲು ಬರುತ್ತದೆ ಎಂದು ಬಹಳ ಹೊತ್ತು ನೋಡಿದೆ. ಬರಲಿಲ್ಲ. ಅವನೂ ಸುಮ್ಮನಿದ್ದ, ಆಕೆಯೂ ಸುಮ್ಮನಿದ್ದಳು. ನಾನು ರಿಮೋಟ್ ಪಕ್ಕಕ್ಕಿಟ್ಟೆ.

ಓವನ್ ಆರಿಸಲು ಎದ್ದಾಗ ಕಾಲಿಗೆ ನೆಲದ ತಂಪು ತಾಗಿತು. ಬಗ್ಗಿ ನೋಡಿದೆ. ನನ್ನ ಚಪ್ಪಲಿ ಬೆಂಚಿನ ಕೆಳಗಿದ್ದವು.